ರಿಚ್ಮಂಡಿನ ಹಳೆಯ ಮನೆ, ರಾಜ್ಯದ ತೆರಿಗೆ ಕ್ರೆಡಿಟ್ ಮತ್ತು ಖರೀದಿಗೆ ಮುಂಚಿನ ಲೆಕ್ಕ

ಪ್ರಶ್ನೆ: ನಾವು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ನೆಲೆಸಿದ್ದೇವೆ. ಅಲ್ಲಿನ ಚರ್ಚ್ ಹಿಲ್ ಬಡಾವಣೆಯಲ್ಲಿ ಸುಮಾರು 1905ರಲ್ಲಿ ಕಟ್ಟಿದ ಎರಡಂತಸ್ತಿನ ಇಟ್ಟಿಗೆ ಮನೆಯೊಂದನ್ನು 4,00,000 ಡಾಲರಿಗೆ ಕೊಳ್ಳುವ ಮಾತುಕತೆ ನಡೆದಿದೆ. ಇದರಲ್ಲಿ ಜಾಗದ ಬೆಲೆ 1,00,000 ಡಾಲರ್. ನಗರದ ಆಸ್ತಿ ತೆರಿಗೆ ದಾಖಲೆಯಲ್ಲಿ ಕಟ್ಟಡಕ್ಕೆ 2,60,000 ಡಾಲರ್ ಮೌಲ್ಯ ನಮೂದಾಗಿದೆ. ದುರಸ್ತಿಗೆ 2,30,000 ಡಾಲರ್ ಬೇಕೆಂದು ಕಂಟ್ರಾಕ್ಟರ್ ಅಂದಾಜು ಕೊಟ್ಟಿದ್ದಾರೆ. ಕೆಳಗಡೆ ನಾವಿದ್ದು ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಡುವ ಯೋಚನೆಯಿದೆ. ಐತಿಹಾಸಿಕ ಬಡಾವಣೆಯ ಮನೆಯಾದ್ದರಿಂದ ರಾಜ್ಯ ಸರ್ಕಾರ ಶೇಕಡಾ 25, ಫೆಡರಲ್ (ಅಂದರೆ ಕೇಂದ್ರ) ಸರ್ಕಾರ ಶೇಕಡಾ 20, ಒಟ್ಟು ಶೇಕಡಾ 45ರಷ್ಟು ಖರ್ಚು ವಾಪಸ್ ಬರುತ್ತದೆಂದು ಏಜೆಂಟ್ ಹೇಳುತ್ತಾರೆ. ಇದು ನಿಜವೇ? ಹಣ ಕೈಗೆ ಸಿಗುತ್ತದೆಯೇ, ಬೇಡವಾದರೆ ಈ ಕ್ರೆಡಿಟ್ಟನ್ನು ಮಾರಬಹುದೇ? ಹಳೆಯ ಮರದ ಕಿಟಕಿಗಳನ್ನು ತೆಗೆದು ವಿನೈಲ್ ಕಿಟಕಿ ಹಾಕಿಸಿ, ಹಾಲಿನ ಗೋಡೆಯ ಗಿಲಾವು ಕೆತ್ತಿಸಿ ಇಟ್ಟಿಗೆ ಕಾಣುವಂತೆ ಮಾಡಿಸುವ ಆಸೆ ನಮಗಿದೆ. ಮೈಸೂರಿನಲ್ಲಿರುವ ನಮ್ಮ ತಾತನ ಕಾಲದ ಮನೆಗೂ ಇಂಥ ಸೌಲಭ್ಯ ಇದೆಯೇ?

ಉತ್ತರ: ನಿಮ್ಮ ಏಜೆಂಟ್ ಹೇಳಿದ ಎರಡೂ ದರಗಳು ಕಾನೂನಿನಲ್ಲಿ ಇರುವಂಥವೇ. ಆದರೆ ನೀವು ಕೊಟ್ಟಿರುವ ಅಂಕಿಗಳ ಪ್ರಕಾರ ಶೇಕಡಾ 25ರ ರಾಜ್ಯದ ಕ್ರೆಡಿಟ್ ನಿಮಗೆ ಬಹುಮಟ್ಟಿಗೆ ದಕ್ಕುತ್ತದೆ, ಶೇಕಡಾ 20ರ ಫೆಡರಲ್ ಕ್ರೆಡಿಟ್ ದಕ್ಕುವುದಿಲ್ಲ. ಮತ್ತು ದಕ್ಕುವುದು ಕೂಡ ಚೆಕ್ಕಿನ ರೂಪದಲ್ಲಿ ಮನೆಗೆ ಬರುವ ಹಣವಲ್ಲ, ಕಟ್ಟಬೇಕಾದ ತೆರಿಗೆಯಲ್ಲಿ ಸಿಗುವ ವಜಾ. ನಿಮ್ಮ ಕಿಟಕಿ ಮತ್ತು ಗಿಲಾವಿನ ಯೋಜನೆ ಈಗಿರುವಂತೆಯೇ ನಡೆದರೆ ಆ ಶೇಕಡಾ 25 ಕೂಡ ಕೈತಪ್ಪುವ ಸಂಭವ ಹೆಚ್ಚು. ಹೀಗಾಗಿ ಖರೀದಿ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ನೀವು ಕೇಳಿದ್ದು ಒಳ್ಳೆಯದಾಯಿತು.

ಮೊದಲು ಈ ಏರ್ಪಾಡಿನ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಐತಿಹಾಸಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿ, ಅಂದರೆ ನ್ಯಾಷನಲ್ ರಿಜಿಸ್ಟರ್, 1966ರ ಸಂರಕ್ಷಣಾ ಕಾಯ್ದೆಯಿಂದ ಬಂದದ್ದು. ಆದರೆ ಆಗ ತೆರಿಗೆ ಕಾನೂನು ಇನ್ನೊಂದು ದಿಕ್ಕಿಗೆ ಎಳೆಯುತ್ತಿತ್ತು: ಹಳೆಯದನ್ನು ಕೆಡವಿ ಹೊಸದು ಕಟ್ಟಿದವರಿಗೆ ತೆರಿಗೆಯಲ್ಲಿ ಲಾಭವಿತ್ತು, ಉಳಿಸಿಕೊಂಡವರಿಗೆ ಇರಲಿಲ್ಲ. 1976ರ ತೆರಿಗೆ ಸುಧಾರಣೆ ಐತಿಹಾಸಿಕ ಕಟ್ಟಡಗಳ ಮಟ್ಟಿಗೆ ಇದನ್ನು ತಿರುಗಿಸಿತು. 1978ರಲ್ಲಿ ಶೇಕಡಾ 10ರ ಕ್ರೆಡಿಟ್ ಬಂತು, 1981ರಲ್ಲಿ ಅದು 25ಕ್ಕೆ ಏರಿತು, 1986ರಲ್ಲಿ 20ಕ್ಕೆ ಇಳಿದು ಅಲ್ಲೇ ನಿಂತಿತು. 2017ರ ಕಾನೂನು ದರವನ್ನು ಮುಟ್ಟದೆ, ಒಂದೇ ವರ್ಷದಲ್ಲಿ ಸಿಗುತ್ತಿದ್ದದ್ದನ್ನು ಐದು ವರ್ಷಗಳಿಗೆ ಸಮನಾಗಿ ಹಂಚಿತು. ಫೆಡರಲ್ ಕ್ರೆಡಿಟ್ ಆದಾಯ ತರುವ ಕಟ್ಟಡಕ್ಕೆ ಮಾತ್ರ ಅನ್ವಯಿಸುತ್ತದೆ. ಸ್ವಂತ ವಾಸದ ಮನೆಗೆ ಅದರಿಂದ ಏನೂ ಬರುವುದಿಲ್ಲ. ಈ ಕೊರತೆಯನ್ನು ತುಂಬಲು, ಮತ್ತು ತಮ್ಮ ಊರುಗಳ ಹಳೆಯ ಪೇಟೆಗಳಿಗೆ ಬಂಡವಾಳ ಎಳೆಯಲು, ಮೂವತ್ತೈದಕ್ಕೂ ಹೆಚ್ಚು ರಾಜ್ಯಗಳು ತಮ್ಮದೇ ಕ್ರೆಡಿಟ್‌ಗಳನ್ನು ಮಾಡಿಕೊಂಡಿವೆ. ವರ್ಜೀನಿಯಾದ್ದು 1997ರಲ್ಲಿ ಶೇಕಡಾ 10ರಿಂದ ಶುರುವಾಗಿ ವರ್ಷಕ್ಕೆ ಐದರಂತೆ ಏರಿ 2000ದಲ್ಲಿ 25ಕ್ಕೆ ಬಂತು. ಅದು ಬಾಡಿಗೆ ಕಟ್ಟಡಕ್ಕೂ ಸ್ವಂತ ವಾಸದ ಮನೆಗೂ ಸಿಗುತ್ತದೆ. ನಿಮ್ಮಂಥವರ ಪಾಲಿಗೆ ಇದೇ ಮುಖ್ಯವಾದ ಸಂಗತಿ.

ಈಗ ಫೆಡರಲ್ ಕ್ರೆಡಿಟ್ ಏಕೆ ಸಿಗುವುದಿಲ್ಲ ಎಂಬುದನ್ನು ನೋಡೋಣ. ಅದಕ್ಕೊಂದು ಕನಿಷ್ಠ ಖರ್ಚಿನ ಪರೀಕ್ಷೆಯಿದೆ: 24 ತಿಂಗಳ ಅವಧಿಯಲ್ಲಿ (ಹಂತಹಂತವಾಗಿ ಮಾಡುವ ಕೆಲಸವಾದರೆ 60 ತಿಂಗಳು) ಮಾಡಿದ ಅರ್ಹ ದುರಸ್ತಿ ಖರ್ಚು, ನೀವು ಕಟ್ಟಡಕ್ಕೆ ತೆತ್ತ ಬೆಲೆಯನ್ನು ಮೀರಬೇಕು. ತೆತ್ತ ಬೆಲೆಯೆಂದರೆ ಖರೀದಿ ಮೊತ್ತದಿಂದ ಜಾಗದ ಬೆಲೆಯನ್ನು ಕಳೆದು, ಸವಕಳಿ ತೋರಿಸಿದ್ದರೆ ಅದನ್ನೂ ಕಳೆದು, ಆಗಲೇ ಮಾಡಿಸಿದ ಸುಧಾರಣೆಗಳನ್ನು ಕೂಡಿಸಿ ಬರುವ ಮೊತ್ತ. ನಿಮ್ಮ ವಿಷಯದಲ್ಲಿ ಅದು 3,00,000 ಡಾಲರ್. ನಿಮ್ಮ ದುರಸ್ತಿ ಪೂರ್ತಿ ಲೆಕ್ಕ ಹಿಡಿದರೂ 2,30,000 ದಾಟುವುದಿಲ್ಲ. ಬಾಡಿಗೆಯ ಅರ್ಧವನ್ನಷ್ಟೇ ಬೇರೆ ಮಾಡಿ ನೋಡಿದರೂ 1,50,000ಕ್ಕೆ ಎದುರಾಗಿ 1,15,000 ಮಾತ್ರ ನಿಲ್ಲುತ್ತದೆ. ಯಾವ ಕಡೆಯಿಂದ ಅಳೆದರೂ ಬಾಗಿಲು ತೆರೆಯುವುದಿಲ್ಲ. ಪಾಳುಬಿದ್ದ ಉಗ್ರಾಣವನ್ನು ಅಗ್ಗಕ್ಕೆ ಕೊಂಡು ಅದರ ಬೆಲೆಯ ಎರಡು ಮೂರು ಪಟ್ಟು ಖರ್ಚು ಮಾಡುವ ಡೆವಲಪರ್‌ಗೆ ಈ ಪರೀಕ್ಷೆ ಸಲೀಸು. ರಿಚ್ಮಂಡಿನಲ್ಲೇ ನದಿಯ ಹತ್ತಿರದ ಟೊಬ್ಯಾಕೊ ರೋ ಎಂಬಲ್ಲಿ ತಂಬಾಕು ಗೋದಾಮುಗಳು ಸಾಲಾಗಿ ಅಪಾರ್ಟ್‌ಮೆಂಟುಗಳಾಗಿರುವುದನ್ನು ನೀವು ನೋಡಿಯೇ ಇರುತ್ತೀರಿ. ಆ ಬಗೆಯ ಕಟ್ಟಡಗಳಿಗೇ ಈ ಲೆಕ್ಕ ಹೊಂದುತ್ತದೆ. ಈಗಾಗಲೇ ಬೆಲೆ ಏರಿಹೋದ ಬಡಾವಣೆಯಲ್ಲಿ, ವಾಸಯೋಗ್ಯ ಸ್ಥಿತಿಯಲ್ಲಿರುವ ಮನೆಯನ್ನು ಮಾರುಕಟ್ಟೆಯ ದರ ಕೊಟ್ಟು ಕೊಳ್ಳುವವರಿಗೆ ಇದು ಎಟುಕುವುದು ಅಪರೂಪ. ಒಂದು ವೇಳೆ ಎಟುಕಿದರೂ, ವರಮಾನ 2,00,000 ಡಾಲರ್ ದಾಟಿದಂತೆ ಸಂಬಳದ ಮೇಲಿನ ತೆರಿಗೆಗೆ ಈ ಕ್ರೆಡಿಟ್ ಹೊಂದಿಸಿಕೊಳ್ಳುವ ಅವಕಾಶ ಕಡಿಮೆಯಾಗುತ್ತ 2,50,000ಕ್ಕೆ ಪೂರ್ತಿ ನಿಲ್ಲುತ್ತದೆ ಮತ್ತು ಐದು ವರ್ಷದೊಳಗೆ ಮನೆ ಮಾರಿದರೆ ಪಡೆದದ್ದರಲ್ಲಿ ಒಂದು ಭಾಗ ಹಿಂದಿರುಗಿಸಬೇಕಾಗುತ್ತದೆ. ಆದ್ದರಿಂದ ಶೇಕಡಾ 45 ಎಂಬ ಮಾತನ್ನು ನಿಮ್ಮ ಬಜೆಟ್ಟಿನಿಂದ ಇಂದೇ ಅಳಿಸಿಹಾಕಿ.

ರಾಜ್ಯದ ಪರೀಕ್ಷೆ ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ವರ್ಜೀನಿಯಾ ನೋಡುವುದು ನೀವು ಕೊಟ್ಟ ಬೆಲೆಯನ್ನಲ್ಲ, ಕೆಲಸ ಶುರುವಾಗುವ ಹಿಂದಿನ ವರ್ಷ ಸ್ಥಳೀಯ ಆಸ್ತಿ ತೆರಿಗೆಗಾಗಿ ಕಟ್ಟಡಕ್ಕೆ ಕಟ್ಟಿದ ಮೌಲ್ಯವನ್ನು. ಮಾಲೀಕರೇ ವಾಸಿಸುವ ಮನೆಯಾದರೆ ಅರ್ಹ ಖರ್ಚು ಆ ಮೌಲ್ಯದ ಶೇಕಡಾ 25ರಷ್ಟಾದರೂ ಇರಬೇಕು, ಉಳಿದ ಕಟ್ಟಡಗಳಿಗೆ ಶೇಕಡಾ 50. ನಿಮ್ಮ ಮನೆಗೆ 2,60,000 ನಮೂದಾಗಿರುವುದರಿಂದ ಮೊದಲನೆಯದು 65,000, ಎರಡನೆಯದು 1,30,000 ಆಗುತ್ತದೆ. ಮೇಲಂತಸ್ತಿನ ಬಾಡಿಗೆಯ ಕಾರಣಕ್ಕೆ ನಿಮ್ಮನ್ನು ಯಾವ ಗುಂಪಿಗೆ ಸೇರಿಸಿದರೂ ನೀವು ದಾಟುತ್ತೀರಿ.

ಆದರೆ ಕಂಟ್ರಾಕ್ಟರ್ ಬರೆದುಕೊಟ್ಟ 2,30,000 ಪೂರ್ತಿ ಅರ್ಹ ಖರ್ಚಾಗುವುದಿಲ್ಲ. ಚಾವಣಿ, ಗೋಡೆ, ನೆಲ, ಕಿಟಕಿಗಳ ದುರಸ್ತಿ, ಹೊಸ ವೈರಿಂಗ್, ಕೊಳಾಯಿ, ಹವಾನಿಯಂತ್ರಣ, ಅಡುಗೆಮನೆ ಮತ್ತು ಸ್ನಾನದ ಮನೆಯ ಸ್ಥಿರ ಜೋಡಣೆಗಳು, ವಾಸ್ತುಶಿಲ್ಪಿಯ ಶುಲ್ಕ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮನೆ ಕೊಂಡ ಬೆಲೆ, ಹಿತ್ತಲಿಗೆ ಚಾಚಿ ಕಟ್ಟುವ ಹೊಸ ಕೋಣೆ, ತೋಟ, ಪೀಠೋಪಕರಣ ಬರುವುದಿಲ್ಲ. ಶನಿವಾರ ಭಾನುವಾರ ನೀವೇ ನಿಂತು ಬಣ್ಣ ಹೊಡೆದರೆ ಬಣ್ಣದ ಬೆಲೆ ಬರುತ್ತದೆ, ನಿಮ್ಮ ದುಡಿಮೆಗೆ ಬೆಲೆ ಕಟ್ಟುವಂತಿಲ್ಲ. ನಿಮ್ಮ ಅಂದಾಜಿನಲ್ಲಿ ಹಿಂದಿನ ಡೆಕ್, ಬೇಲಿ ಮುಂತಾದವುಗಳಿಗೆ 30,000 ಹೋಯಿತೆಂದು ಇಟ್ಟುಕೊಂಡರೆ ಉಳಿಯುವುದು 2,00,000. ಅದರ ಕಾಲುಭಾಗ 50,000 ಡಾಲರ್ ನಿಮ್ಮ ಕ್ರೆಡಿಟ್.

ಈ 50,000 ಎಂಬುದು ನಿಮ್ಮ ವರಮಾನದಿಂದ ಕಳೆಯುವ ಮೊತ್ತವಲ್ಲ, ನೀವು ಕಟ್ಟಬೇಕಾದ ವರ್ಜೀನಿಯಾ ಆದಾಯ ತೆರಿಗೆಯಿಂದಲೇ ಡಾಲರಿಗೆ ಡಾಲರಿನಂತೆ ವಜಾ ಆಗುವ ಮೊತ್ತ. ಆ ದೃಷ್ಟಿಯಿಂದ ಇದು ದೊಡ್ಡ ಸವಲತ್ತೇ. ಆದರೆ ತೆರಿಗೆ ಎಷ್ಟಿದೆಯೋ ಅಷ್ಟೇ ವಜಾ. ಮಿಕ್ಕಿದ್ದನ್ನು ರಾಜ್ಯ ನಗದಾಗಿ ಕೊಡುವುದಿಲ್ಲ, ಮುಂದಿನ ಹತ್ತು ವರ್ಷಗಳವರೆಗೆ ಒಯ್ಯಲು ಬಿಡುತ್ತದೆ. ವರ್ಜೀನಿಯಾದಲ್ಲಿ 17,000 ಡಾಲರ್ ಮೀರಿದ ತೆರಿಗೆಯೋಗ್ಯ ವರಮಾನಕ್ಕೆ ದರ ಶೇಕಡಾ 5.75. ನಿಮ್ಮಿಬ್ಬರದು ಸೇರಿ ತೆರಿಗೆಯೋಗ್ಯ ವರಮಾನ 1,50,000 ಡಾಲರ್ ಎಂದಿಟ್ಟುಕೊಂಡರೆ ವರ್ಷದ ರಾಜ್ಯ ತೆರಿಗೆ ಸುಮಾರು 8,370 ಡಾಲರ್ ಆಗುತ್ತದೆ. ಅಂದರೆ 50,000 ಡಾಲರ್ ಪೂರ್ತಿ ಕರಗಲು ಆರು ವರ್ಷ ಬೇಕು. ಕಂಟ್ರಾಕ್ಟರ್‌ಗೆ ಕೊಡಬೇಕಾದ ಹಣವನ್ನು ಈಗ ಬ್ಯಾಂಕಿನ ಸಾಲದಿಂದಲೋ ಉಳಿತಾಯದಿಂದಲೋ ನೀವೇ ಹೊಂದಿಸಬೇಕು. ಕ್ರೆಡಿಟ್ ಕೆಲಸ ಮುಗಿದ ವರ್ಷದಿಂದ ಕಂತಿನಂತೆ ಬರುತ್ತದೆ. ರಾಜ್ಯಕ್ಕೆ ಕಟ್ಟುವ ತೆರಿಗೆ ಇಳಿದಾಗ, ಫೆಡರಲ್ ರಿಟರ್ನಿನಲ್ಲಿ ಅದನ್ನು ಕಳೆಯುವ ಅಭ್ಯಾಸವಿರುವವರಿಗೆ ಅಲ್ಲಿನ ಕಡಿತವೂ ಅಷ್ಟರಮಟ್ಟಿಗೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಅಲ್ಲಿನ ನಮ್ಮವರು ಮರೆಯುವ ಸಂಗತಿ ಇನ್ನೊಂದಿದೆ. ಈ ಕ್ರೆಡಿಟ್ ವರ್ಜೀನಿಯಾದ ತೆರಿಗೆಯನ್ನು ಮಾತ್ರ ತೀರಿಸುತ್ತದೆ. ಎರಡು ವರ್ಷಕ್ಕೆ ನೌಕರಿ ಬದಲಾಗಿ ನೀವು ಟೆಕ್ಸಾಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋದರೆ, ವರ್ಜೀನಿಯಾದಲ್ಲಿ ನಿಮಗೆ ಬಾಡಿಗೆಯಂಥ ಯಾವುದಾದರೂ ವರಮಾನ ಉಳಿದಿದ್ದರೆ ಅದರ ತೆರಿಗೆಯ ಮಟ್ಟಿಗೆ ಉಪಯೋಗಕ್ಕೆ ಬಂದೀತು. ಇಲ್ಲವಾದರೆ ಉಳಿದ ಮೊತ್ತ ಹತ್ತು ವರ್ಷ ಕಳೆದು ತಾನಾಗಿ ತೀರಿಹೋಗುತ್ತದೆ. ಆರು ವರ್ಷ ಅಲ್ಲೇ ಇರುತ್ತೇವೆಂಬ ನಂಬಿಕೆ ನಿಮಗಿಲ್ಲದಿದ್ದರೆ ಕ್ರೆಡಿಟ್ಟಿನ ಬೆಲೆಯನ್ನು 50,000 ಎಂದು ಎಣಿಸಬೇಡಿ.

ಮಾರಬಹುದೇ ಎಂದು ಕೇಳಿದ್ದೀರಿ. ಮಿಸೌರಿಯಂಥ ರಾಜ್ಯಗಳಲ್ಲಿ ಕ್ರೆಡಿಟ್ಟನ್ನು ಬೇರೆಯವರಿಗೆ ವರ್ಗಾಯಿಸಬಹುದು. ಅಲ್ಲಿ ಅದನ್ನು ಮುಖಬೆಲೆಗಿಂತ ಕಡಿಮೆಗೆ ಕೊಳ್ಳುವವರಿದ್ದಾರೆ. ವರ್ಜೀನಿಯಾದಲ್ಲಿ ಮಾರುವಂತಿಲ್ಲ. ಪಾಲುದಾರಿಕೆ ಸಂಸ್ಥೆಯ ಒಡೆತನದ ಕಟ್ಟಡವಾದರೆ ಪಾಲುದಾರರು ತಮ್ಮತಮ್ಮಲ್ಲಿ ಒಪ್ಪಿಕೊಂಡಂತೆ ಹಂಚಿಕೊಳ್ಳಲು ಅವಕಾಶವಿದೆ, ದೊಡ್ಡ ಯೋಜನೆಗಳಿಗೆ ಹೂಡಿಕೆದಾರರು ಬರುವುದು ಈ ದಾರಿಯಿಂದಲೇ. ಅದರಲ್ಲೂ ಹೆಸರಿಗೆ ಮಾತ್ರ ಪಾಲುದಾರರಾಗಿ, ಅಲ್ಪ ಕಾಲ ಇದ್ದು, ಕ್ರೆಡಿಟ್ ತೆಗೆದುಕೊಂಡು ಹೊರನಡೆದವರ ಹಣವನ್ನು 2011ರಲ್ಲಿ ಫೋರ್ತ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬಂಡವಾಳವೆಂದು ಒಪ್ಪದೆ, ಮರೆಯಲ್ಲಿ ನಡೆದ ಮಾರಾಟವೆಂದೇ ತೀರ್ಪು ಕೊಟ್ಟಿತು. ಪಾಲುದಾರಿಕೆ ಅದರ ಮೇಲೆ ಫೆಡರಲ್ ತೆರಿಗೆಗೆ ಒಳಗಾಯಿತು. ಗಂಡಹೆಂಡಿರ ಹೆಸರಿನ ಒಂದು ಮನೆಗೆ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ, ಹೋಗಬೇಡಿ ಎಂಬುದೇ ನನ್ನ ಸಲಹೆ. ನೆರೆಯ ಮೇರಿಲ್ಯಾಂಡ್ ವಾಸದ ಮನೆಗೆ ಶೇಕಡಾ 20 ಕೊಡುತ್ತದೆ, 50,000 ಡಾಲರಿನ ಮಿತಿಯೊಳಗೆ, ಮಿಕ್ಕಿದ್ದನ್ನು ಹಿಂದಿರುಗಿಸುತ್ತದೆ ಕೂಡ. ನಾರ್ತ್ ಕ್ಯಾರೊಲೈನಾದ ವಾಸದ ಮನೆಗೆ ಶೇಕಡಾ 15 ಮಾತ್ರ. ಸ್ನೇಹಿತರು ತಮ್ಮ ರಾಜ್ಯದ ಅನುಭವ ಹೇಳಿದಾಗ ಅದನ್ನು ನಿಮ್ಮದಕ್ಕೆ ಹೊಂದಿಸಲು ಹೋಗಬಾರದು ಎಂಬುದಕ್ಕೆ ಇಷ್ಟು ಹೇಳಿದೆ. ರಾಜ್ಯದ ಶಾಸನಸಭೆ ಕೊಟ್ಟದ್ದನ್ನು ಅದೇ ಸಭೆ ಕಿತ್ತುಕೊಳ್ಳಲೂಬಹುದು: ಮಿಷಿಗನ್ ತನ್ನ ಕ್ರೆಡಿಟ್ಟನ್ನು 2011ರಲ್ಲಿ ರದ್ದು ಮಾಡಿ 2020ರಲ್ಲಿ ಮತ್ತೆ ತಂದಿತು.

ಇನ್ನು ಕಿಟಕಿ ಮತ್ತು ಗಿಲಾವು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಕ್ರೆಡಿಟ್ ಎಂಬುದು ಹಳೆಯ ಮನೆ ಕೊಂಡದ್ದಕ್ಕೆ ಸಿಗುವ ಬಹುಮಾನವಲ್ಲ; ಮನೆಯ ಹಳೆಯ ಗುಣವನ್ನು ಉಳಿಸಿದ್ದಕ್ಕೆ ಸಿಗುವ ಪ್ರತಿಫಲ. ಉಳಿಸಿದ್ದೀರೋ ಇಲ್ಲವೋ ಎಂಬುದನ್ನು ಅಮೆರಿಕದ ಫೆಡರಲ್ ಸರ್ಕಾರದ, ಐತಿಹಾಸಿಕ ತಾಣಗಳನ್ನೂ ನೋಡಿಕೊಳ್ಳುವ ಇಂಟೀರಿಯರ್ ಇಲಾಖೆ ಹೊರಡಿಸಿರುವ ಹತ್ತು ಮಾನದಂಡಗಳ ಮೇಲೆ ಅಳೆಯುತ್ತಾರೆ, ರಾಜ್ಯವೂ ಅವನ್ನೇ ಬಳಸುತ್ತದೆ. ಹಾಳಾದ ಭಾಗವನ್ನು ಬದಲಿಸುವ ಮುಂಚೆ ದುರಸ್ತಿ ಮಾಡಬೇಕು, ದುರಸ್ತಿಗೆ ಮೀರಿದ್ದಾದರೆ ಹೊಸದು ಹಳೆಯದರ ವಿನ್ಯಾಸಕ್ಕೂ, ಸಾಧ್ಯವಾದಲ್ಲಿ ವಸ್ತುವಿಗೂ ಹೊಂದಬೇಕು ಎಂಬುದು ಅವುಗಳಲ್ಲೊಂದು.

1905ರ ಮನೆಯ ಕಿಟಕಿಯೆಂದರೆ ಸಾಮಾನ್ಯವಾಗಿ ಮೇಲೊಂದು ಕೆಳಗೊಂದು ಸರಿಯುವ ಗಾಜಿನ ಎರಡು ಚೌಕಟ್ಟುಗಳು. ಪಕ್ಕದ ಮರದ ಗೂಡಿನೊಳಗೆ ಬೀಡುಕಬ್ಬಿಣದ ತೂಕದ ಗುಂಡುಗಳು ಹುರಿಯಲ್ಲಿ ನೇತಾಡುತ್ತಿರುತ್ತವೆ. ರಾಟೆಯ ಮೇಲೆ ಹಾದುಬರುವ ಆ ಹುರಿಯಿಂದಲೇ ಕಿಟಕಿ ಎತ್ತಿದಲ್ಲಿ ನಿಲ್ಲುತ್ತದೆ. ಕಿಟಕಿ ಕೆಟ್ಟಿದೆ ಎಂದು ಕಂಟ್ರಾಕ್ಟರ್ ತೋರಿಸುವಾಗ ಅನೇಕ ವೇಳೆ ಕೆಟ್ಟಿರುವುದು ಈ ಹುರಿ, ಒಣಗಿ ಬಿರಿದ ಪುಟ್ಟಿ, ಮತ್ತು ಪದರದ ಮೇಲೆ ಪದರ ಬಳಿದು ಚೌಕಟ್ಟನ್ನೇ ಅಂಟಿಸಿಬಿಟ್ಟ ಬಣ್ಣ. ಮರ ಹಳೆಯ ಕಾಡಿನ ಬಿಗಿ ಎಳೆಯ ಮರವಾದ್ದರಿಂದ ಗಟ್ಟಿಯಾಗಿಯೇ ಇರುತ್ತದೆ. ಬಣ್ಣ ಕೆರೆದು, ಹುರಿ ಬದಲಿಸಿ, ಪುಟ್ಟಿ ಹಚ್ಚಿ, ಸಂದುಗಳಿಗೆ ಗಾಳಿ ತಡೆಯುವ ಪಟ್ಟಿ ಕೂರಿಸಿ, ಹೊರಗಡೆ ಇನ್ನೊಂದು ತೆಳು ಸ್ಟಾರ್ಮ್ ಕಿಟಕಿ ಜೋಡಿಸಿದರೆ ಚಳಿಯೂ ತಡೆಯುತ್ತದೆ, ಇಲಾಖೆಯೂ ಒಪ್ಪುತ್ತದೆ, ಆ ಖರ್ಚಿಗೆ ಕ್ರೆಡಿಟ್ಟೂ ಬರುತ್ತದೆ. ತೀರ ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಅದನ್ನು ಕೆರೆಯುವ ಕೆಲಸವನ್ನು ತರಬೇತಿ ಪಡೆದವರಿಗೇ ಕೊಡಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಈ ಮಾತಿನಲ್ಲಿ ರಾಜಿ ಬೇಡ. ದುರಸ್ತಿಯಾಗಬಲ್ಲ ಕಿಟಕಿಯನ್ನು ಕಿತ್ತು ವಿನೈಲ್ ಹಾಕಿದರೆ ಆ ಕಿಟಕಿಗಳ ಖರ್ಚಿಗೆ ಮಾತ್ರ ಕ್ರೆಡಿಟ್ ಹೋಗುತ್ತದೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಕೆಲಸವನ್ನು ಇಡಿಯಾಗಿ ಪರಿಶೀಲಿಸುತ್ತಾರೆ; ಕಿಟಕಿಗಳು ಮಾನದಂಡಕ್ಕೆ ವಿರುದ್ಧವಾದರೆ ಇಡೀ ಯೋಜನೆಯೇ ತಿರಸ್ಕೃತವಾಗಬಹುದು, ವೈರಿಂಗು ಕೊಳಾಯಿಗಳ ಖರ್ಚೂ ಸೇರಿ.

ಗಿಲಾವು ಕೆತ್ತಿಸುವುದಂತೂ ಇನ್ನೂ ಅಪಾಯದ ಕೆಲಸ. ಒಳಗೋಡೆಯ ಇಟ್ಟಿಗೆ ಕಾಣಬೇಕೆಂಬುದು ಈಚಿನ ಹೋಟೆಲು ಕಾಫಿ ಅಂಗಡಿಗಳಿಂದ ಬಂದ ಅಭಿರುಚಿ. ಆ ಮನೆಯ ಹಾಲನ್ನು ಗಿಲಾವು ಮಾಡಿಯೇ ಕಟ್ಟಿದ್ದರು, ಹಿಂದಿನ ಇಟ್ಟಿಗೆ ಕಣ್ಣಿಗೆ ಬೀಳಲೆಂದು ಇಟ್ಟದ್ದಲ್ಲ. ಗಿಲಾವು ತೆಗೆದರೆ ಕೋಣೆಯ ಐತಿಹಾಸಿಕ ಸ್ವರೂಪವನ್ನೇ ತೆಗೆದಂತೆ ಎಂದು ಪರಿಶೀಲಕರು ಬರೆಯುತ್ತಾರೆ, ಮತ್ತು ಕೆತ್ತಿಹೋದದ್ದನ್ನು ಮರಳಿ ಹಳೆಯದಾಗಿ ಮಾಡಲು ಬರುವುದಿಲ್ಲ. ಹೊರಗೋಡೆಯ ಇಟ್ಟಿಗೆಯ ಸಂದುಗಳಿಗೂ ಇದೇ ಎಚ್ಚರ ಬೇಕು. ಆ ಕಾಲದ ಇಟ್ಟಿಗೆ ಮೆದು, ಅದಕ್ಕೆ ಹೊಂದುವುದು ಸುಣ್ಣದ ಗಾರೆ. ಗಟ್ಟಿಯಾಗಲೆಂದು ಈಗಿನ ಸಿಮೆಂಟ್ ತುಂಬಿದರೆ ಗೋಡೆಯ ತೇವ ಸಂದಿನಿಂದ ಹೊರಹೋಗಲಾರದೆ ಇಟ್ಟಿಗೆಯೊಳಗೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಇಟ್ಟಿಗೆಯ ಮೈ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮರಳು ಸಿಡಿಸಿ ಇಟ್ಟಿಗೆ ಶುಚಿ ಮಾಡುವುದನ್ನೂ ಮಾನದಂಡ ನಿಷೇಧಿಸುತ್ತದೆ. ಮುಂದಿನ ಕೋಣೆ, ಮೆಟ್ಟಿಲು, ಅಗ್ಗಿಷ್ಟಿಕೆ, ಬಾಗಿಲುಗಳ ಮರಗೆಲಸ ಇವನ್ನು ಮುಟ್ಟದಿದ್ದರೆ ಹಿಂಭಾಗದ ಅಡುಗೆಮನೆ ಮತ್ತು ಸ್ನಾನದ ಮನೆಗಳಲ್ಲಿ ನಿಮಗೆ ಸಾಕಷ್ಟು ಸ್ವಾತಂತ್ರ್ಯವಿದೆ. ಹಿಂದಿನ ಸಣ್ಣ ಕೋಣೆಯೊಂದನ್ನು ದೇವರ ಮನೆ ಮಾಡಿಕೊಳ್ಳಲು ಯಾರ ಅಡ್ಡಿಯೂ ಬರಲಾರದು.

ನನ್ನ ಅಭಿಪ್ರಾಯ ಕೇಳಿದರೆ, ಆ ಮನೆಯ ಹಳೆಯ ಕೋಣೆಗಳಲ್ಲಿ, ಅವು ಇರುವಂತೆಯೇ, ಬಾಳಲು ನಿಮಗೆ ಮನಸ್ಸಿದ್ದರೆ ಕೊಳ್ಳಿ. ಒಳಗೆಲ್ಲ ಒಡೆದು ಒಂದೇ ದೊಡ್ಡ ಹಜಾರ ಮಾಡಿ, ಹೊಳೆಯುವ ಹೊಸ ಕಿಟಕಿ ಹಾಕಿಸುವುದೇ ನಿಮ್ಮ ಬಯಕೆಯಾಗಿದ್ದರೆ ಆರು ವರ್ಷದ 50,000 ಡಾಲರಿಗಾಗಿ ಅದನ್ನು ಅದುಮಿಟ್ಟುಕೊಂಡು ಕೊರಗುವುದಕ್ಕಿಂತ, ಊರಾಚೆ ಹೊಸ ಮನೆ ನೋಡುವುದು ಮೇಲು.

ಕಾಯ್ದೆಯ ಎರಡು ಪದರಗಳನ್ನು ಬೇರೆಯಾಗಿ ನೋಡಬೇಕು. ರಾಷ್ಟ್ರೀಯ ಅಥವಾ ರಾಜ್ಯದ ಪಟ್ಟಿಯಲ್ಲಿ ಮನೆ ಸೇರಿದ ಮಾತ್ರಕ್ಕೆ, ಸ್ವಂತ ಹಣದಲ್ಲಿ ನೀವು ಮಾಡಿಸುವ ಕೆಲಸಕ್ಕೆ ಯಾರೂ ಅಡ್ಡ ಬರುವುದಿಲ್ಲ. ಪಟ್ಟಿಯ ನಿಯಮಗಳು ಕ್ರೆಡಿಟ್ ಬೇಕೆಂದಾಗ ಮಾತ್ರ ನಿಮ್ಮನ್ನು ಕಟ್ಟಿಹಾಕುತ್ತವೆ. ಆದರೆ ರಿಚ್ಮಂಡ್ ನಗರವೇ ಗೊತ್ತುಪಡಿಸಿದ ಹಳೆಯ ಬಡಾವಣೆಗಳು ಬೇರೆ ಇವೆ. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಚರ್ಚ್ ಹಿಲ್‌ನಲ್ಲೇ, ಸೇಂಟ್ ಜಾನ್ಸ್ ಚರ್ಚಿನ ಸುತ್ತ ಆಯಿತು. ಈ ಗಡಿಯೊಳಗೆ ಮನೆ ಬಿದ್ದರೆ ಹೊರಭಾಗದ ಬದಲಾವಣೆಗೆ ನಗರದ ವಾಸ್ತು ಪರಿಶೀಲನಾ ಆಯೋಗದ ಒಪ್ಪಿಗೆ ಬೇಕು, ನೀವು ಕ್ರೆಡಿಟ್ ಕೇಳಲಿ ಬಿಡಲಿ. ಹಾಗಾಗಿ ವಿನೈಲ್ ಕಿಟಕಿ ಅಲ್ಲಿಯೂ ಎಡವಬಹುದು. ಮನೆಯ ವಿಳಾಸ ಯಾವ ಗಡಿಯೊಳಗಿದೆ ಎಂಬುದನ್ನು ನಗರದ ಯೋಜನಾ ಇಲಾಖೆಯಲ್ಲಿ ಖರೀದಿಗೆ ಮುಂಚೆಯೇ ವಿಚಾರಿಸಿ.

ಮೈಸೂರಿನ ಮನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಇಂಥ ಕ್ರೆಡಿಟ್ ಅಲ್ಲಿಲ್ಲ. ರಾಜ್ಯವೊಂದು ತಾನು ವಸೂಲು ಮಾಡುವ ತೆರಿಗೆಯನ್ನಷ್ಟೇ ಬಿಡಬಲ್ಲದು. ಟೆಕ್ಸಾಸಿನಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ್ದರಿಂದ ಅಲ್ಲಿನ ಶೇಕಡಾ 25ರ ಕ್ರೆಡಿಟ್ಟನ್ನು ವ್ಯಾಪಾರ ಸಂಸ್ಥೆಗಳು ಕಟ್ಟುವ ಫ್ರಾಂಚೈಸ್ ತೆರಿಗೆಗೆ ಜೋಡಿಸಿದ್ದಾರೆ. ಭಾರತದಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರ ಸರ್ಕಾರದ್ದು. ಕರ್ನಾಟಕ ಅದನ್ನು ಬಿಡುವಂತಿಲ್ಲ. ಕರ್ನಾಟಕದ 1961ರ ಸ್ಮಾರಕ ಕಾಯ್ದೆ ಸಂರಕ್ಷಿತವೆಂದು ಘೋಷಿಸಿದ ಕಟ್ಟಡಗಳಿಗೆ ರಕ್ಷಣೆ ಕೊಡುತ್ತದೆಯೇ ಹೊರತು, ಬೀದಿಯ ಖಾಸಗಿ ಮನೆಯ ಮಾಲೀಕರ ಖರ್ಚಿನಲ್ಲಿ ಪಾಲು ಹೊರುವುದಿಲ್ಲ. ನಗರಪಾಲಿಕೆಯ ವಶದಲ್ಲೇ ಇದ್ದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದು ಜೀವಹಾನಿಯಾದ ಊರಿನಲ್ಲಿ, ಖಾಸಗಿ ಹಂಚಿನ ಮನೆಗಳು ಇನ್ನೂ ನಿಂತಿರುವುದು ಮನೆಯವರ ಕೈಯ ಹಣದಿಂದ. ಆಸ್ತಿ ತೆರಿಗೆ ನಗರಪಾಲಿಕೆಯ ಕೈಯಲ್ಲಿರುವುದರಿಂದ ಅಲ್ಲಾದರೂ ಒಂದು ರಿಯಾಯಿತಿಯ ದಾರಿ ತೆರೆಯಬಹುದಿತ್ತು ಎಂದು ನನಗನ್ನಿಸುತ್ತದೆ.

ಕೊಳ್ಳುವುದೆಂದು ತೀರ್ಮಾನಿಸಿದರೆ ಕ್ರಮ ಹೀಗಿರಲಿ. ಅರ್ಜಿ ಮೂರು ಭಾಗದ್ದು, ಹೋಗುವುದು ರಿಚ್ಮಂಡಿನಲ್ಲೇ ಇರುವ ವರ್ಜೀನಿಯಾ ಐತಿಹಾಸಿಕ ಸಂಪನ್ಮೂಲ ಇಲಾಖೆಗೆ. ಮೊದಲ ಭಾಗದಲ್ಲಿ ಮನೆ ಐತಿಹಾಸಿಕ ಬಡಾವಣೆಗೆ ಮೆರುಗು ಕೊಡುವ ಕಟ್ಟಡಗಳಲ್ಲಿ ಒಂದೆಂದು ದೃಢೀಕರಣವಾಗಬೇಕು. ಗಡಿಯೊಳಗಿದ್ದೂ ಮಧ್ಯೆ ತೀರ ಬದಲಾದ ಮನೆಗೆ ಇದು ಸಿಗದೆ ಹೋಗಬಹುದು. ಎರಡನೆಯದು ಕೆಲಸದ ವಿವರ, ಮೂರನೆಯದು ಮುಗಿದ ಮೇಲಿನ ಪ್ರಮಾಣ. ಎರಡನೆಯ ಭಾಗಕ್ಕೆ ಒಪ್ಪಿಗೆ ಬರುವವರೆಗೆ ಕಂಟ್ರಾಕ್ಟರ್ ಸುತ್ತಿಗೆ ಎತ್ತದಂತೆ ಕರಾರಿನಲ್ಲೇ ಬರೆಸಿ. ಕೀಲಿ ಕೈಗೆ ಬಂದ ದಿನವೇ ಪ್ರತಿ ಕೋಣೆಯ ನಾಲ್ಕು ಗೋಡೆ, ಮಾಳಿಗೆ, ನೆಲ, ಒಂದೊಂದು ಕಿಟಕಿಯ ಒಳಗು ಹೊರಗುಗಳ ಫೋಟೋ ತೆಗೆದು ದಿನಾಂಕದೊಡನೆ ಇಟ್ಟುಕೊಳ್ಳಿ. ಮೊದಲು ಏನಿತ್ತು ಎಂದು ತೋರಿಸಲಾಗದ ಅರ್ಜಿಗೆ ಬೆಲೆಯಿಲ್ಲ. ಅರ್ಹ ಖರ್ಚಿನ ರಸೀದಿಗಳು ಒಂದು ಕಡತದಲ್ಲಿ, ಡೆಕ್ಕು ಬೇಲಿಗಳದು ಇನ್ನೊಂದರಲ್ಲಿ ಇರಲಿ, ಮತ್ತು ನಿಮ್ಮ ಲೆಕ್ಕಪರಿಶೋಧಕರು ಇಂಥ ಕ್ರೆಡಿಟ್ಟಿನ ರಿಟರ್ನ್ ಹಿಂದೆ ಸಲ್ಲಿಸಿದವರೇ ಎಂದು ಮೊದಲೇ ಕೇಳಿಕೊಳ್ಳಿ.